ಲಾಟ್ವಿಯನ್ ಲೀಜನ್ನಿನ ಅಧಿಕಾರಿಯೊಬ್ಬನ ಯುದ್ಧಕಾಲವನ್ನು ಕಾಗದಗಳಿಂದ ಕಟ್ಟುವ ಬಗೆ

ಎರಡನೇ ಮಹಾಯುದ್ಧದಲ್ಲಿ ಲಾಟ್ವಿಯನ್ನರನ್ನು ಸೇರಿಸಿ ಜರ್ಮನರು ಕಟ್ಟಿದ ಪಡೆಯೇ ಲಾಟ್ವಿಯನ್ ಲೀಜನ್; ಅದು ನಾಜಿಗಳ ಎಸ್‌ಎಸ್ ಸಂಘಟನೆಯ ರಣಪಡೆಯಾದ ವಾಫೆನ್-ಎಸ್‌ಎಸ್‌ಗೆ ಸೇರಿತ್ತು. ಜರ್ಮನ್ ಸಮವಸ್ತ್ರದಲ್ಲಿರುವ ಲಾಟ್ವಿಯನ್ ಅಧಿಕಾರಿಯ ಫೋಟೋ ಕೈಗೆ ಬಂದರೆ ಸಂಗ್ರಹಕಾರರು ಮೊದಲು ನೋಡುವುದು ಕಾಲರಿನ ಪಟ್ಟಿಯನ್ನು, ಆಮೇಲೆ ಎದೆಯ ಪದಕಗಳನ್ನು. ಎರಡನ್ನೂ ಸದ್ಯಕ್ಕೆ ಬದಿಗಿಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು 1939ರಿಂದ 1947ರವರೆಗೆ ತಿಂಗಳುಗಳ ಗೆರೆ ಎಳೆಯಿರಿ. ಅದರಲ್ಲಿ 1941ರ ಜುಲೈಯಿಂದ 1943ರ ಫೆಬ್ರವರಿವರೆಗಿನ ಜಾಗವನ್ನು ಉಳಿದದ್ದಕ್ಕಿಂತ ಅಗಲವಾಗಿ ಬಿಡಿ. ಜರ್ಮನರು ಲಾಟ್ವಿಯಾ ಹಿಡಿದಂದಿನಿಂದ ಲೀಜನ್ ಹುಟ್ಟುವವರೆಗಿನ ಆ ಇಪ್ಪತ್ತು ತಿಂಗಳು ಆ ಮನುಷ್ಯ ಎಲ್ಲಿದ್ದ, ಯಾರ ಉಪ್ಪು ತಿನ್ನುತ್ತಿದ್ದ ಎಂದು ತಿಳಿಯುವತನಕ ಅವನ ಬಗ್ಗೆ ಒಳ್ಳೆಯದನ್ನೂ ಬರೆಯಬಾರದು, ಕೆಟ್ಟದ್ದನ್ನೂ ಬರೆಯಬಾರದು. ಇದು ನಾನು ಹಾಕಿಕೊಂಡ ನಿಯಮ.

ನಾನು ಇತಿಹಾಸದ ಮೇಷ್ಟ್ರಲ್ಲ. ಹುಬ್ಬಳ್ಳಿಯ ಆರ್‌ಎಂಎಸ್‌ನಲ್ಲಿ ಟಪಾಲು ಸಾರ್ಟಿಂಗ್ ಮಾಡಿ ನಿವೃತ್ತನಾದವನು. ಹವ್ಯಾಸ ಅಂಚೆಚೀಟಿ, ಅದರಲ್ಲೂ ಬಾಲ್ಟಿಕ್ ದೇಶಗಳದು. ಲಾಟ್ವಿಯಾ ತನ್ನ ಮೊದಲ ಚೀಟಿಯನ್ನು 1918ರ ಡಿಸೆಂಬರಿನಲ್ಲಿ, ಕಾಗದಕ್ಕೆ ಬರವಿದ್ದುದರಿಂದ, ಜರ್ಮನ್ ಸೈನ್ಯದ ಭೂಪಟಗಳ ಹಿಂಬದಿಯಲ್ಲಿ ಅಚ್ಚುಹಾಕಿಸಿತು. ಚೀಟಿಯನ್ನು ಮಗುಚಿದರೆ ಯಾವುದೋ ರಸ್ತೆಯ ತುಂಡು, ಹಳ್ಳಿಯ ಅರ್ಧ ಹೆಸರು ಕಾಣುತ್ತದೆ. ಅಂಥ ಚೀಟಿಯ ಹುಚ್ಚು ಹಿಡಿದವನು ಕವರುಗಳ ಕಡೆ ಹೊರಳುತ್ತಾನೆ, ಕವರು ಹಿಡಿದವನು ಅದನ್ನು ಕಳಿಸಿದವನ ಬೆನ್ನು ಹತ್ತುತ್ತಾನೆ. ಹಾಗೆ ಬೆನ್ನು ಹತ್ತುವ ಕ್ರಮವನ್ನೇ ಕೆಳಗೆ ಬರೆದಿದ್ದೇನೆ. ಉದಾಹರಣೆಗೆ ಎಲ್ಲ ಕಡೆ ದಾಖಲಾಗಿರುವ ಇಬ್ಬರು ಲೀಜನ್ ಅಧಿಕಾರಿಗಳನ್ನು ಇಟ್ಟುಕೊಳ್ಳೋಣ: ವೋಲ್ಡೆಮಾರ್ಸ್ ವೇಯ್ಸ್ ಮತ್ತು ವಿಲಿಸ್ ಯಾನುಮ್ಸ್.

ಹೆಸರು, ಊರು

ಲಾಟ್ವಿಯನ್ ಗಂಡುಹೆಸರುಗಳ ಕೊನೆಗೆ ಸಾಮಾನ್ಯವಾಗಿ 'ಎಸ್' ಇರುತ್ತದೆ. ಜರ್ಮನ್ ಗುಮಾಸ್ತ ಕೆಲವೊಮ್ಮೆ ಅದನ್ನು ಇಟ್ಟ, ಕೆಲವೊಮ್ಮೆ ಕತ್ತರಿಸಿದ. ವೇಯ್ಸ್ ಎಂಬವನನ್ನು 'ವಿ'ಯಿಂದಲೂ ಹುಡುಕಬೇಕು, 'ಡಬ್ಲ್ಯೂ'ದಿಂದಲೂ ಹುಡುಕಬೇಕು. ಬಾಂಗೆರ್ಸ್ಕಿಸ್ ಬಾಂಗೆರ್ಸ್ಕಿ ಆಗಿ ಕುಳಿತಿರಬಹುದು. ಅಕ್ಷರಗಳ ಮೇಲಿನ ಗೆರೆ, ಕೊಂಬುಗಳನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ ಹುಡುಕಿ. ಹೆಸರಿಗಿಂತ ಜನ್ಮದಿನಾಂಕ ನಂಬಿಕಸ್ಥ; ಅದು ಮೂರು ದೇಶಗಳ ದಾಖಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಊರುಗಳದು ಇನ್ನೊಂದು ಗೋಳು. ಲಿಯೆಪಾಯಾ ಜರ್ಮನ್ ಕಾಗದದಲ್ಲಿ ಲಿಬಾವ್, ಯೆಲ್ಗಾವಾ ಮಿಟಾವ್, ದೌಗವ್‌ಪಿಲ್ಸ್ ಡ್ಯೂನಾಬುರ್ಗ್, ತ್ಸೇಸಿಸ್ ವೆಂಡೆನ್. ಕುರ್ಜೆಮೆ ಪ್ರಾಂತ್ಯವೇ ಕುರ್‌ಲಾಂಡ್. ಈ ಜೋಡಿಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಇಲ್ಲವಾದರೆ ಒಂದೇ ಊರಿನಲ್ಲಿದ್ದವನನ್ನು ಎರಡು ಊರು ಸುತ್ತಿಸುತ್ತೀರಿ.

1940: ಸೈನ್ಯ ಕರಗಿದ ವರ್ಷ

ಅಧಿಕಾರಿಯಾದರೆ, ಅದರಲ್ಲೂ 1910ಕ್ಕಿಂತ ಮೊದಲು ಹುಟ್ಟಿದವನಾದರೆ, ಅವನು ಬಹುತೇಕ ಸ್ವತಂತ್ರ ಲಾಟ್ವಿಯಾದ ಸೈನ್ಯದಲ್ಲಿ ದರ್ಜೆ ಪಡೆದವನು. ಇನ್ನೂ ಹಿರಿಯನಾದರೆ ಝಾರ್‌ನ ಸೈನ್ಯದಲ್ಲೋ, 1918–20ರ ಸ್ವಾತಂತ್ರ್ಯ ಯುದ್ಧದಲ್ಲೋ ಇದ್ದಿರುತ್ತಾನೆ. 1894ರಲ್ಲಿ ಹುಟ್ಟಿದ ಯಾನುಮ್ಸ್, 1899ರಲ್ಲಿ ಹುಟ್ಟಿದ ವೇಯ್ಸ್ ಇಬ್ಬರೂ ಈ ಪೀಳಿಗೆಯವರು. ಈ ಭಾಗದ ಸೇವಾ ಕಡತಗಳು ರೀಗಾದ ರಾಜ್ಯ ಇತಿಹಾಸ ಪತ್ರಾಗಾರದಲ್ಲಿವೆ.

1939ರ ಆಗಸ್ಟ್ 23ರಂದು ಸೋವಿಯತ್ ಮತ್ತು ಜರ್ಮನಿ ನಡುವೆ ಆದ ಮೊಲೊಟೊವ್–ರಿಬ್ಬೆನ್‌ಟ್ರಾಪ್ ಒಪ್ಪಂದ, ಅಕ್ಟೋಬರಿನಲ್ಲಿ ಸೋವಿಯತ್ ನೆಲೆಗಳು, 1940ರ ಜೂನ್ 17ರಂದು ಸೋವಿಯತ್ ಸೈನ್ಯದ ಪ್ರವೇಶ. ಹಾಳೆಯ ಮೇಲೆ ಈ ಮೂರನ್ನು ಗುರುತು ಹಾಕಿ. ಆಮೇಲೆ ಲಾಟ್ವಿಯಾದ ಸೈನ್ಯವನ್ನು ಕುಗ್ಗಿಸಿ ಕೆಂಪು ಸೈನ್ಯದ 24ನೇ ಪ್ರಾದೇಶಿಕ ರೈಫಲ್ ಕೋರ್ ಆಗಿ ಮಾಡಲಾಯಿತು. ನಿಮ್ಮ ಅಧಿಕಾರಿಯ ಮುಂದೆ ಇದ್ದ ದಾರಿಗಳು ಇಷ್ಟೇ: ವಜಾ, ಆ ಕೋರ್‌ನಲ್ಲಿ ಉಳಿಕೆ, ಬಂಧನ. 1941ರ ಜೂನ್ 14ರಂದು ಲಾಟ್ವಿಯಾದಿಂದ 15,000ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು. ಅದೇ ಹೊತ್ತಿಗೆ ಲಿತೆನೆಯ ಬೇಸಿಗೆ ಶಿಬಿರದಲ್ಲಿ ಅಧಿಕಾರಿಗಳನ್ನು ತಾಲೀಮಿನ ನೆಪದಲ್ಲಿ ಕಾಡಿಗೆ ಕರೆದೊಯ್ದು ನಿಶ್ಶಸ್ತ್ರಗೊಳಿಸಿ ಹಿಡಿದರು. ನೂರಾರು ಮಂದಿ ಉತ್ತರಧ್ರುವದ ಅಂಚಿನ ನೊರಿಲ್ಸ್ಕ್ ಶಿಬಿರ ಸೇರಿದರು. ವಾರ ಕಳೆಯುವಷ್ಟರಲ್ಲಿ, ಜೂನ್ 22ಕ್ಕೆ, ಜರ್ಮನಿ ದಾಳಿ ಮಾಡಿತು. ಎರಡು ವರ್ಷದ ಮೇಲೆ ಲೀಜನ್‌ಗೆ ಅಧಿಕಾರಿಗಳ ಕೊರತೆ ಬಿದ್ದುದಕ್ಕೆ ಲಿತೆನೆಯೂ ಒಂದು ಕಾರಣ. ಉಳಿದವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುವುದೂ ಕಷ್ಟವಲ್ಲ. ಆದರೆ ಆ ಊಹೆಯನ್ನು ಮುಂದಿನ ಎಲ್ಲದಕ್ಕೂ ಸಮಜಾಯಿಷಿಯಾಗಿ ಬಳಸುವ ಚಾಳಿ ಬಹಳ ಇದೆ. ಗಡೀಪಾರಿನಿಂದ ನೇರವಾಗಿ 1943ಕ್ಕೆ ಜಿಗಿಯುವ ಜೀವನಚರಿತ್ರೆ ಕಂಡರೆ ನನಗೆ ಅನುಮಾನ ಶುರುವಾಗುತ್ತದೆ.

ಆ ಇಪ್ಪತ್ತು ತಿಂಗಳು

ಈ ಭಾಗಕ್ಕೆ ನನ್ನ ಬಳಿ ಒಂದು ಹತ್ಯಾರವಿದೆ, ಎರಡು ಚೀಟಿಗಳು. ಜರ್ಮನರು ರೀಗಾ ಹಿಡಿದದ್ದು 1941ರ ಜುಲೈ 1ರಂದು. ಆ ತಿಂಗಳು ಸೋವಿಯತ್ ಚೀಟಿಗಳ ಮೇಲೆ 'ಲಾಟ್ವಿಯಾ' ಎಂಬ ಹೆಸರನ್ನೂ ಆ ದಿನಾಂಕವನ್ನೂ ಕಪ್ಪು ಮಸಿಯಲ್ಲಿ ಒತ್ತಿ ಮಾರಿದರು. ದೇಶ ಮರಳಿ ಬಂತು ಎಂಬ ಆಸೆ ಆ ಮಸಿಯಲ್ಲಿದೆ. ನವೆಂಬರಿನಲ್ಲಿ ಬಂದ ಚೀಟಿ ಬೇರೆ: ಹಿಟ್ಲರನ ತಲೆ, ಅದರ ಮೇಲೆ 'ಓಸ್ಟ್‌ಲಾಂಡ್'. ಅದು ಆಕ್ರಮಿತ ಬಾಲ್ಟಿಕ್ ಪ್ರದೇಶಕ್ಕೆ ಜರ್ಮನರು ಇಟ್ಟ ಹೆಸರು. ಲಾಟ್ವಿಯಾ ಎಂಬ ಹೆಸರೇ ಇಲ್ಲ. ಸ್ವಾತಂತ್ರ್ಯ ಕೊಡುವ ಯೋಚನೆ ಜರ್ಮನಿಗೆ ಇರಲಿಲ್ಲ ಎಂಬುದಕ್ಕೆ ಅಂಚೆ ಕಚೇರಿಯ ಕೌಂಟರಿನಲ್ಲೇ ಪುರಾವೆ ಸಿಗುತ್ತಿತ್ತು. (ಮೊದಲನೆಯ ಚೀಟಿಯ ನಕಲಿಗಳು ವಿಪರೀತ. ಮಸಿ ಹೊಳೆಯುತ್ತಿದ್ದರೆ ದುಡ್ಡು ಬಿಚ್ಚಬೇಡಿ.)

ಈ ಎರಡು ಚೀಟಿಗಳ ನಡುವಿನ ತಿಂಗಳುಗಳಲ್ಲಿ ಏನು ನಡೆಯಿತೆಂದು ನೋಡಿ. ಜುಲೈ 4ರಂದು ರೀಗಾದ ಗೋಗೊಲ್ ಬೀದಿಯ ದೊಡ್ಡ ಸಿನಗಾಗಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಬೆಂಕಿ ಬಿತ್ತು. ಅದೇ ದಿನದ 'ತೇವಿಯಾ' ಪತ್ರಿಕೆಯಲ್ಲಿ, ದೇಶವನ್ನು 'ಹಾನಿಕಾರಕ'ರಿಂದ ಸ್ವಚ್ಛಗೊಳಿಸಲು ಅಧಿಕಾರಿಗಳು, ವಿದ್ಯಾರ್ಥಿಗಳು ಬಂದು ಹೆಸರು ನೋಂದಾಯಿಸಿಕೊಳ್ಳಿ ಎಂಬ ಕರೆ ಅಚ್ಚಾಗಿದೆ. ಅದು ವಿಕ್ಟೊರ್ಸ್ ಅರಾಯ್ಸ್ ಎಂಬವನ ದಳಕ್ಕೆ ಜನ ಸೇರಿಸುವ ಪ್ರಕಟಣೆ. ಆ ದಳ ಬಿಕೆರ್ನಿಯೆಕಿ ಕಾಡಿನಲ್ಲೂ ಹಳ್ಳಿಹಳ್ಳಿಗಳಲ್ಲೂ ಯಹೂದಿಗಳನ್ನು ಕೊಂದಿತು. ನವೆಂಬರ್ 30 ಮತ್ತು ಡಿಸೆಂಬರ್ 8, ಈ ಎರಡು ದಿನಗಳಲ್ಲಿ ರೀಗಾದ ಹೊರವಲಯದ ರುಂಬುಲಾ ಕಾಡಿನಲ್ಲಿ ಸುಮಾರು 25,000 ಜನರನ್ನು ಗುಂಡಿಕ್ಕಿ ಕೊಂದರು. ಗುಂಡು ಹಾರಿಸಿದವರು ಜರ್ಮನರು; ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋ ಎಂಬ ಕೇರಿಯಿಂದ ಜನರನ್ನು ಹೊರಡಿಸಿ, ದಾರಿಯುದ್ದಕ್ಕೂ ಕಾವಲು ನಡೆಸಿದವರಲ್ಲಿ ಲಾಟ್ವಿಯನ್ ಪೊಲೀಸರು ಬಹಳ ಮಂದಿ. ಅರಾಯ್ಸ್‌ನನ್ನು ಹ್ಯಾಂಬರ್ಗಿನ ನ್ಯಾಯಾಲಯ 1979ರಲ್ಲಿ ಶಿಕ್ಷಿಸಿತು. ಒಟ್ಟು ಲಾಟ್ವಿಯಾದಲ್ಲಿ ಸುಮಾರು 70,000 ಸ್ಥಳೀಯ ಯಹೂದಿಗಳು ಸತ್ತರು. ಇದೆಲ್ಲದರ ಬಹುಪಾಲು ಲೀಜನ್ ಹುಟ್ಟುವ ಮೊದಲೇ ಮುಗಿದಿತ್ತು. 'ಲೀಜನ್ ಹುಟ್ಟಿದ್ದು 1943ರಲ್ಲಿ, ಹಾಗಾಗಿ ಕೊಲೆಗಳಿಗೂ ಅದಕ್ಕೂ ಸಂಬಂಧವಿಲ್ಲ' ಎನ್ನುವವರ ಮಾತು ಪಡೆಯ ಮಟ್ಟಿಗೆ ಸರಿ. ಆದರೆ ಪಡೆಗೆ ಸೇರಿದ ಮನುಷ್ಯರು 1943ರಲ್ಲಿ ಹುಟ್ಟಿದವರಲ್ಲವಲ್ಲ.

ಹುಡುಕುವ ರೀತಿ ಹೀಗೆ. ಲಾಟ್ವಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದೆ. 'ಪೆರಿಯೋಡಿಕಾ' ಎಂಬ ಆ ತಾಣದಲ್ಲಿ ಹೆಸರು ಕೊಟ್ಟು 'ತೇವಿಯಾ'ದ 1941–42ರ ಸಂಚಿಕೆಗಳನ್ನು ಜಾಲಾಡಿ. ನೇಮಕ, ಬಡ್ತಿ, ಭಾಷಣ, ಶ್ರದ್ಧಾಂಜಲಿ ಎಲ್ಲವೂ ಅಲ್ಲಿ ಬರುತ್ತವೆ. ಹುಡುಕುವಾಗ ಮೂರು ಬಗೆಯ ಉದ್ಯೋಗಗಳ ಮೇಲೆ ಕಣ್ಣಿರಲಿ: ಸಹಾಯಕ ಪೊಲೀಸ್, 'ಶುಟ್ಸ್‌ಮನ್‌ಶಾಫ್ಟ್' ಎಂಬ ಪೊಲೀಸ್ ಬೆಟಾಲಿಯನ್‌ಗಳು, ಜರ್ಮನರ ಕೈಕೆಳಗಿನ ಸ್ಥಳೀಯ ಆಡಳಿತ.

ವೇಯ್ಸ್ ಇಲ್ಲಿ ಒಳ್ಳೆಯ ಪಾಠ. ಯುದ್ಧಕ್ಕೆ ಮೊದಲು ಅವನು ಲೆಫ್ಟಿನೆಂಟ್ ಕರ್ನಲ್, ಹೊರದೇಶದಲ್ಲಿ ಮಿಲಿಟರಿ ಅತಾಶೆಯಾಗಿ, ಅಂದರೆ ರಾಯಭಾರ ಕಚೇರಿಯ ಸೈನಿಕ ಪ್ರತಿನಿಧಿಯಾಗಿ, ದುಡಿದವನು. ಲೀಜನ್ ಪರವಾದ ಬರಹಗಳಲ್ಲಿ ಅವನ ಕಥೆ 1944ರ ಫೆಬ್ರವರಿಯಲ್ಲಿ ಸಿಕ್ಕ, ಜರ್ಮನಿಯ ಉನ್ನತ ಶೌರ್ಯ ಪದಕವಾದ ನೈಟ್ಸ್ ಕ್ರಾಸ್‌ನಿಂದ ಆರಂಭವಾಗುತ್ತದೆ. ಅದನ್ನು ಪಡೆದ ಮೊದಲ ಲಾಟ್ವಿಯನ್ ಅವನೇ. ಆದರೆ 1941ರ ಜುಲೈಯಲ್ಲಿ, ರೀಗಾ ಜರ್ಮನರ ಕೈಸೇರಿದ ಬೆನ್ನಿಗೇ, ಅವರಿಗಾಗಿ ಸಹಾಯಕ ಪೊಲೀಸ್ ದಳ ಕಟ್ಟಿದವರ ಮುಂಚೂಣಿಯಲ್ಲಿದ್ದವನೂ ಅವನೇ. ಎರಡನ್ನೂ ಒಂದೇ ಹಾಳೆಯಲ್ಲಿ, ತಾರೀಖಿನ ಕ್ರಮದಲ್ಲಿ ಬರೆಯಿರಿ. ಒಂದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ.

ಪೊಲೀಸ್ ಬೆಟಾಲಿಯನ್ ಎಂದು ಕಂಡ ಕೂಡಲೇ ಕೊಲೆಗಾರ ಎಂದು ಬರೆಯುವುದೂ ಅಷ್ಟೇ ಅವಸರದ ಕೆಲಸ. 16ನೇ ಬೆಟಾಲಿಯನ್ 1941ರ ಅಕ್ಟೋಬರಿನಲ್ಲೇ ರಣರಂಗಕ್ಕೆ ಹೋಯಿತು. ಇನ್ನು ಕೆಲವು 1943ರ ಫೆಬ್ರವರಿ–ಮಾರ್ಚಿನಲ್ಲಿ ಬೆಲರೂಸ್ ಗಡಿಯ ಓಸ್ವೇಯಾ ಸುತ್ತ 'ವಿಂಟರ್‌ತ್ಸೌಬರ್' ಕಾರ್ಯಾಚರಣೆಯಲ್ಲಿದ್ದವು. ಅಲ್ಲಿ ಹಳ್ಳಿಗಳನ್ನು ಜನರ ಸಮೇತ ಸುಟ್ಟರು. ಹಾಗಾಗಿ ಬೆಟಾಲಿಯನ್ನಿನ ಸಂಖ್ಯೆ ಬೇಕು, ಅದು ಯಾವ ತಿಂಗಳು ಎಲ್ಲಿತ್ತು ಎನ್ನುವುದು ಬೇಕು, ಇವನು ಆ ತಿಂಗಳು ಅದರಲ್ಲಿದ್ದನೇ ಎನ್ನುವುದೂ ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಚೌಕವನ್ನು ಖಾಲಿ ಬಿಡಿ.

ಲೀಜನ್, ದರ್ಜೆ, 'ಸ್ವಯಂಸೇವಕ'

ಹಿಟ್ಲರ್ ಲಾಟ್ವಿಯನ್ ಲೀಜನ್‌ಗೆ ಆದೇಶ ಕೊಟ್ಟದ್ದು 1943ರ ಫೆಬ್ರವರಿ 10ರಂದು, ಸ್ಟಾಲಿನ್‌ಗ್ರಾಡ್ ಸೋಲಿನ ಬಿಸಿ ಆರುವ ಮೊದಲೇ. ಹೆಸರಿನಲ್ಲಿ 'ಸ್ವಯಂಸೇವಕ' ಎಂದಿದೆ. ಆಕ್ರಮಿತ ದೇಶದ ಪ್ರಜೆಗಳನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸುವಂತಿಲ್ಲ ಎಂದು 1907ರ ಹೇಗ್ ನಿಯಮ ಇದ್ದುದರಿಂದ ಆ ಪದ ಬೇಕಾಗಿತ್ತು. ನಿಜದಲ್ಲಿ 1919ರಿಂದ 1924ರ ನಡುವೆ ಹುಟ್ಟಿದವರಿಗೆ ಮೊದಲು ಕರೆ ಹೋಯಿತು. ಆಮೇಲೆ ವಯಸ್ಸಿನ ಮಿತಿ ಎರಡೂ ಕಡೆಗೆ ಹಿಗ್ಗಿತು. ಜರ್ಮನ್ ಪಡೆಗಳಲ್ಲಿ ಒಟ್ಟು 1,10,000ದಷ್ಟು ಲಾಟ್ವಿಯನ್ನರು ದುಡಿದರು. ಅವರಲ್ಲಿ ಬಹುಪಾಲು ಕರೆ ಬಂದು ಹೋದವರು. ಹತ್ತೊಂಬತ್ತರ ಸಿಪಾಯಿಗೆ ಹೊಂದುವ ಈ ಮಾತನ್ನು ನಲವತ್ತೈದರ ಕರ್ನಲ್‌ಗೆ ಹಾಗೇ ಅನ್ವಯಿಸಲಾಗದು. ಅವನು ಸೇರಿದ ತಾರೀಖನ್ನೂ ಅದಕ್ಕೆ ಮುಂಚಿನ ಹುದ್ದೆಯನ್ನೂ ಬೇರೆಯಾಗಿಯೇ ನೋಡಬೇಕು.

ನಮ್ಮ ಓದುಗರಿಗೆ ಇಲ್ಲಿ ಒಂದು ಎಚ್ಚರಿಕೆ. 'ಶತ್ರುವಿನ ಶತ್ರು' ಎಂಬ ಲೆಕ್ಕ ನಮಗೆ ನೇತಾಜಿಯಿಂದಾಗಿ ಬಹಳ ಬೇಗ ಅರ್ಥವಾಗುತ್ತದೆ. ಜರ್ಮನಿಯಲ್ಲಿ ಅವರು ಕಟ್ಟಿದ ಭಾರತೀಯ ಲೀಜನ್ನನ್ನೂ 1944ರ ಆಗಸ್ಟಿನಲ್ಲಿ ವಾಫೆನ್-ಎಸ್‌ಎಸ್‌ಗೆ ವರ್ಗಾಯಿಸಿದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ಅನುಕಂಪ ಇಟ್ಟುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಲಾಟ್ವಿಯಾದಲ್ಲಿ ಆ ಲೆಕ್ಕದ ಮಧ್ಯೆ ನೆರೆಮನೆಯವರ ಹೆಣಗಳಿದ್ದವು.

ಪ್ರಮಾಣವಚನವನ್ನೂ ಓದಿ. ಬೊಲ್ಶೆವಿಕರ ವಿರುದ್ಧದ ಹೋರಾಟದಲ್ಲಿ ಜರ್ಮನ್ ಸೇನೆಗಳ ಮಹಾದಂಡನಾಯಕ ಹಿಟ್ಲರನಿಗೆ ವಿಧೇಯನಾಗಿರುತ್ತೇನೆ ಎಂಬುದು ಅದರ ಸಾರ. 'ಬೊಲ್ಶೆವಿಕರ ವಿರುದ್ಧ' ಎಂಬ ಮಿತಿಯನ್ನು ಒಂದು ಪಕ್ಷ ಎತ್ತಿ ತೋರಿಸುತ್ತದೆ, 'ಹಿಟ್ಲರ್' ಎಂಬ ಹೆಸರನ್ನು ಇನ್ನೊಂದು. ಎರಡೂ ಒಂದೇ ವಾಕ್ಯದಲ್ಲಿವೆ.

ದರ್ಜೆಗಳು ಸುಲಭ: ಉಂಟರ್‌ಸ್ಟುರ್ಮ್‌ಫ್ಯೂರರ್ ಎಂದರೆ ನಮ್ಮಲ್ಲಿ ಹಿಂದೆ ಇದ್ದ ಸೆಕೆಂಡ್ ಲೆಫ್ಟಿನೆಂಟ್, ಓಬರ್‌ಸ್ಟುರ್ಮ್‌ಫ್ಯೂರರ್ ಲೆಫ್ಟಿನೆಂಟ್, ಹಾಪ್ಟ್‌ಸ್ಟುರ್ಮ್‌ಫ್ಯೂರರ್ ಕ್ಯಾಪ್ಟನ್, ಸ್ಟುರ್ಮ್‌ಬಾನ್‌ಫ್ಯೂರರ್ ಮೇಜರ್, ಓಬರ್‌ಸ್ಟುರ್ಮ್‌ಬಾನ್‌ಫ್ಯೂರರ್ ಲೆಫ್ಟಿನೆಂಟ್ ಕರ್ನಲ್, ಸ್ಟಾಂಡಾರ್ಟೆನ್‌ಫ್ಯೂರರ್ ಕರ್ನಲ್. ಜರ್ಮನರಲ್ಲದವರ ದರ್ಜೆಯ ಹೆಸರಿನ ಆರಂಭದಲ್ಲಿ 'ಎಸ್‌ಎಸ್' ಬದಲು 'ವಾಫೆನ್' ಎಂದು ಹಚ್ಚುತ್ತಿದ್ದರು. ಅಧಿಕಾರ ಎಲ್ಲಿಯವರೆಗೆ ಎಂಬುದೂ ಮುಖ್ಯ. ಲಾಟ್ವಿಯನ್ನರು ರೆಜಿಮೆಂಟಿನ ತನಕ ಏರಬಹುದಿತ್ತು. ಲೀಜನ್ನಿನ ಎರಡು ಡಿವಿಷನ್ನುಗಳಾದ 15 ಮತ್ತು 19ನೆಯದರ ನಾಯಕರು ಜರ್ಮನರು. 19ನೆಯದನ್ನು 1944ರ ಏಪ್ರಿಲಿನಿಂದ ನಡೆಸಿದ ಬ್ರೂನೊ ಸ್ಟ್ರೆಕೆನ್‌ಬಾಖ್, ಮೊದಲು ಬರ್ಲಿನ್ನಿನಲ್ಲಿ ಕುಳಿತು ಐನ್‌ಸಾಟ್ಸ್‌ಗ್ರುಪ್ಪೆನ್ ಎಂಬ ಕೊಲೆಪಡೆಗಳಿಗೆ ಸಿಬ್ಬಂದಿ ಹೊಂದಿಸಿದವನು. ಮಾಜಿ ಯುದ್ಧಮಂತ್ರಿ, ಜನರಲ್ ರೂಡೊಲ್ಫ್ಸ್ ಬಾಂಗೆರ್ಸ್ಕಿಸ್ ಲೀಜನ್ನಿನ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರೂ ರಣರಂಗದಲ್ಲಿ ಪಡೆ ನಡೆಸುವ ಅಧಿಕಾರ ಅವನಿಗಿರಲಿಲ್ಲ.

ಕವರು ಓದುವುದು

ನಿಮ್ಮ ಕೈಯಲ್ಲಿ ಪತ್ರವಿದ್ದರೆ ಅದೃಷ್ಟ. ಕೊಡಗಿನಲ್ಲಿ ಯಾವ ಮನೆಗೆ ಹೋದರೂ 'ಕೇರಾಫ್ 56 ಎಪಿಒ' ಎಂಬ ಸೈನ್ಯದ ಅಂಚೆ ವಿಳಾಸ ಗೊತ್ತು. ಫೌಜಿ ಎಲ್ಲಿದ್ದಾನೆಂದು ವಿಳಾಸದಿಂದ ತಿಳಿಯದು, ಪತ್ರ ಮಾತ್ರ ಮುಟ್ಟುತ್ತದೆ. ಜರ್ಮನರ ಸೇನಾ ಅಂಚೆ 'ಫೆಲ್ಡ್‌ಪೋಸ್ಟ್' ಕೂಡ ಹಾಗೇ, ಐದಂಕಿಯ ಸಂಖ್ಯೆಯ ಮೇಲೆ ನಡೆಯುತ್ತಿತ್ತು. ಸಂಖ್ಯೆಯ ನಂತರದ ಅಕ್ಷರ ಕಂಪನಿಯನ್ನು ಸೂಚಿಸುತ್ತದೆ. ಸಾಮಾನ್ಯ ಪತ್ರಕ್ಕೆ ಚೀಟಿ ಬೇಡ, ಹಾಗಾಗಿ ಚೀಟಿ ಹುಡುಕುವವರು ಇಂಥ ಕವರುಗಳನ್ನು ಮೂಸುವುದೂ ಇಲ್ಲ. ನಮ್ಮಂಥವರಿಗೆ ಅದೇ ಲಾಭ.

ಮೊದಲು ಠಸ್ಸೆಯ ತಾರೀಖು ಓದಿ, ಆಮೇಲೆ ಸಂಖ್ಯೆ. ಒಂದೇ ಸಂಖ್ಯೆಯನ್ನು ಯುದ್ಧದ ನಡುವೆ ಒಂದು ಪಡೆಯಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟದ್ದುಂಟು. ತಾರೀಖಿಲ್ಲದ ಸಂಖ್ಯೆ ದಾರಿ ತಪ್ಪಿಸುತ್ತದೆ. ಕಳಿಸಿದವನ ದರ್ಜೆ ಹಿಂಬದಿಯಲ್ಲಿದ್ದರೆ ಅದನ್ನು ಹಾಳೆಗೆ ಇಳಿಸಿ. ಬಡ್ತಿ ಯಾವ ತಿಂಗಳಲ್ಲಾಯಿತು ಎಂದು ಎರಡು ಕವರುಗಳ ನಡುವಿನಿಂದ ಹಿಡಿಯಬಹುದು. ಒಳಗಿನ ಒಕ್ಕಣೆಯಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಸೆನ್ಸಾರ್ ಕಣ್ಣು ಇರುವಾಗ ಯಾರೂ ಮನಸ್ಸು ಬಿಚ್ಚುವುದಿಲ್ಲ. ಹವಾಮಾನ, ಹಂದಿಮಾಂಸ, ತಂಗಿಯ ಮದುವೆ, ಇಷ್ಟೇ.

'ಸೋಲ್ಡ್‌ಬುಖ್' ಎಂಬ ಸಂಬಳದ ಪುಸ್ತಕ ಸಿಕ್ಕರೆ ಅದು ಪತ್ರಕ್ಕಿಂತ ನೂರುಪಾಲು ಮೇಲು. ವರ್ಗಾವಣೆ, ಆಸ್ಪತ್ರೆ, ಪದಕ, ರಜೆ ಎಲ್ಲವೂ ಸಹಿ ಸಮೇತ ಇರುತ್ತದೆ. ಅದಕ್ಕೇ ಅದನ್ನು ನಕಲಿ ಮಾಡುತ್ತಾರೆ. ಎಸ್‌ಎಸ್ ಎಂಬ ಎರಡಕ್ಷರ ಬಿದ್ದರೆ ಬೆಲೆ ಏರುವ ಮಾರುಕಟ್ಟೆ ಅದು. ನಾನು ಅಲ್ಲಿ ಕೊಳ್ಳುವುದಿಲ್ಲ, ಸ್ಕ್ಯಾನ್ ನೋಡಿ ಸುಮ್ಮನಾಗುತ್ತೇನೆ.

1944ರಿಂದ ಎರಡು ದಾರಿ

ಮುಂದಿನದಕ್ಕೆ ಡಿವಿಷನ್ ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. 1944ರ ಮಾರ್ಚಿನಲ್ಲಿ ಎರಡೂ ಡಿವಿಷನ್ನುಗಳು ರಷ್ಯಾದ ವೆಲಿಕಾಯಾ ನದಿಯ ದಡದಲ್ಲಿ ಅಕ್ಕಪಕ್ಕ ಕಾದಾಡಿದವು; ಲೀಜನ್ನಿನ ಮಾರ್ಚ್ 16ರ ಸ್ಮರಣೆ, ಈಗಲೂ ರೀಗಾದಲ್ಲಿ ಜಗಳ ಎಬ್ಬಿಸುವ ದಿನ, ಅಲ್ಲಿಂದ ಬಂದದ್ದು. ವೇಯ್ಸ್ ಏಪ್ರಿಲ್ 17ರಂದು ಸತ್ತ. ಅವನ 42ನೇ ರೆಜಿಮೆಂಟಿಗೆ ಅವನ ಹೆಸರಿಟ್ಟರು.

ಜುಲೈಯಲ್ಲಿ 15ನೇ ಡಿವಿಷನ್ ಪುಡಿಯಾಗಿ, ಉಳಿದವರು ಜರ್ಮನಿಗೆ ಹೋಗಿ, 1945ರ ಆರಂಭದಲ್ಲಿ ಪೊಮೆರೇನಿಯಾದ ಹಿಮದಲ್ಲಿ ಮತ್ತೆ ನುಚ್ಚುನೂರಾದರು. 19ನೆಯದು ಕುರ್ಜೆಮೆಯಲ್ಲಿ ಸಿಕ್ಕಿಕೊಂಡು ಮೇ 8ರವರೆಗೆ ಅಲ್ಲೇ ಉಳಿಯಿತು. 1944ರ ಡಿಸೆಂಬರಿನ ಕ್ರಿಸ್‌ಮಸ್ ಕಾಳಗದಲ್ಲಿ ಅದರ ಎದುರಿಗೆ ಕೆಂಪು ಸೈನ್ಯದ 130ನೇ ಲಾಟ್ವಿಯನ್ ಕೋರ್ ನಿಂತಿತ್ತು. ನಿಮ್ಮ ಅಧಿಕಾರಿಯ ಅಣ್ಣನೋ ತಮ್ಮನೋ ಆ ಕಡೆ ಇದ್ದಿರಬಹುದು. ಮನೆತನದ ಹೆಸರನ್ನು ಸೋವಿಯತ್ ಪಟ್ಟಿಯಲ್ಲೂ ಒಮ್ಮೆ ನೋಡಿ. ಕುರ್ಜೆಮೆಯಲ್ಲೇ ಮೂರನೆಯ ದಾರಿಯೊಂದಿತ್ತು: ಜನರಲ್ ಯಾನಿಸ್ ಕುರೆಲಿಸ್‌ನ ಗುಂಪು. ಜರ್ಮನರೂ ಬೇಡ, ರಷ್ಯನ್ನರೂ ಬೇಡ ಎಂದವರನ್ನು ಜರ್ಮನರೇ ನವೆಂಬರಿನಲ್ಲಿ ಸುತ್ತುವರಿದು, ಅಧಿಕಾರಿಗಳನ್ನು ಲಿಯೆಪಾಯಾದಲ್ಲಿ ಗುಂಡಿಕ್ಕಿ ಕೊಂದರು. 1944ರ ಕೊನೆಗೆ ಲೀಜನ್ ಕಡತದಿಂದ ಹೆಸರು ಹಠಾತ್ತನೆ ಮಾಯವಾದರೆ ಈ ಕಡೆ ಹುಡುಕಿ.

ಯಾನುಮ್ಸ್ 15ನೇ ಡಿವಿಷನ್ನಿನ 33ನೇ ರೆಜಿಮೆಂಟಿನವನು. 1945ರ ಏಪ್ರಿಲಿನಲ್ಲಿ ಬರ್ಲಿನ್ ಹತ್ತಿರ ಅವನ ಕೈಯಲ್ಲಿ ಉಳಿದ ಜನರನ್ನು ನಗರದ ರಕ್ಷಣೆಗೆ ತಳ್ಳುವ ಲಕ್ಷಣ ಕಂಡಾಗ, ಅವನು ಅವರನ್ನು ಪಶ್ಚಿಮಕ್ಕೆ ನಡೆಸಿ ಏಪ್ರಿಲ್ 27ರಂದು ಎಲ್ಬೆ ನದಿಯ ಸಮೀಪ ಅಮೆರಿಕನ್ನರಿಗೆ ಶರಣಾದ. ಅದೇ ಡಿವಿಷನ್ನಿನ ಒಂದು ಬೆಟಾಲಿಯನ್ ಮಾತ್ರ ಬರ್ಲಿನ್ನಿನೊಳಗೇ ಉಳಿದು ಕೊನೆಯ ದಿನಗಳವರೆಗೆ ಕಾದಾಡಿತು.

ಯುದ್ಧದ ನಂತರದ ಅರ್ಜಿಗಳು

ಪಶ್ಚಿಮಕ್ಕೆ ಸಿಕ್ಕವರಲ್ಲಿ ಸಾವಿರಾರು ಜನ ಬೆಲ್ಜಿಯಮ್ಮಿನ ಜೆಡೆಲ್ಗೆಮ್ ಕೈದಿ ಶಿಬಿರದಲ್ಲಿದ್ದರು. ಅಲ್ಲೇ 1945ರ ಡಿಸೆಂಬರ್ 28ರಂದು 'ದೌಗವಾಸ್ ವನಗಿ' ಎಂಬ ನಿವೃತ್ತ ಸೈನಿಕರ ಸಂಘ ಹುಟ್ಟಿತು. ಮೊದಲ ಅಧ್ಯಕ್ಷ ಯಾನುಮ್ಸ್. ಸ್ವೀಡನ್‌ಗೆ ಓಡಿದವರಲ್ಲಿ 146 ಬಾಲ್ಟಿಕ್ ಸೈನಿಕರನ್ನು ಆ ದೇಶ 1946ರ ಜನವರಿಯಲ್ಲಿ ಸೋವಿಯತ್ತಿಗೆ ಒಪ್ಪಿಸಿತು, ಹೆಚ್ಚಿನವರು ಲಾಟ್ವಿಯನ್ನರು. ಕುರ್ಜೆಮೆಯಲ್ಲಿ ಸೆರೆಸಿಕ್ಕವರು ಸೋವಿಯತ್ ಶಿಬಿರಗಳಿಗೆ ಹೋದರು. ಅವರ ಕೆಜಿಬಿ ಮೊಕದ್ದಮೆಗಳು ರೀಗಾದ ಪತ್ರಾಗಾರದಲ್ಲಿ 1986 ಎಂಬ ಸಂಖ್ಯೆಯ ಸಂಗ್ರಹದಲ್ಲಿವೆ. ತಪ್ಪೊಪ್ಪಿಗೆಗಳನ್ನು ಹೇಗೆ ಬರೆಸಿಕೊಂಡರೆಂದು ನೆನಪಿಟ್ಟು ಓದಿ. ಊರು, ತಾರೀಖು, ಜೊತೆಗಿದ್ದವರ ಹೆಸರುಗಳು ಉಪಯೋಗಕ್ಕೆ ಬರುತ್ತವೆ, ವಿಶೇಷಣಗಳು ಬರುವುದಿಲ್ಲ.

ನಿರಾಶ್ರಿತನಾಗಿ ಅಮೆರಿಕ, ಆಸ್ಟ್ರೇಲಿಯಾ ಕಡೆ ಹೋದವನಾದರೆ ಜರ್ಮನಿಯ ಆರೋಲ್ಸನ್ ಪತ್ರಾಗಾರದ ಅಂತರ್ಜಾಲ ಸಂಗ್ರಹದಲ್ಲಿ ನಿರಾಶ್ರಿತರ ನೆರವಿಗಾಗಿ ಅವನು ಸಲ್ಲಿಸಿದ 'ಸಿಎಂ/1' ಅರ್ಜಿ ಸಿಗಬಹುದು. ಹಿಂದಿನ ಹತ್ತಾರು ವರ್ಷ ಎಲ್ಲಿ ವಾಸ, ಏನು ಕೆಲಸ ಎಂದು ಅದರಲ್ಲಿ ಅವನೇ ತುಂಬಿರುತ್ತಾನೆ. ನೀವು ಖಾಲಿ ಬಿಟ್ಟ ಇಪ್ಪತ್ತು ತಿಂಗಳನ್ನು ಆತ ಹೇಗೆ ತುಂಬಿದ ಎಂದು ನೋಡಿ: 'ರೈತ', 'ಗುಮಾಸ್ತ', 'ಅರಣ್ಯ ಕಾರ್ಮಿಕ'. ಅದನ್ನು 'ತೇವಿಯಾ'ದ ಪುಟದ ಪಕ್ಕದಲ್ಲಿಡಿ. ಹೊಂದಿಕೊಂಡರೆ ಒಳ್ಳೆಯದು. ಹೊಂದದಿದ್ದರೆ ಎರಡನ್ನೂ ಬರೆಯಿರಿ.

ವಾದ ಬಿಸಿಯಾದಾಗ ಎರಡು ತೀರ್ಮಾನಗಳನ್ನು ಜನ ಎತ್ತಿ ಎಸೆಯುತ್ತಾರೆ. ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ಎಸ್‌ಎಸ್ ಅನ್ನು ಅಪರಾಧಿ ಸಂಘಟನೆ ಎಂದಿತು. ಬಲವಂತಕ್ಕೆ ಸೇರಿ, ಅಪರಾಧ ಮಾಡದವರನ್ನು ಹೊರಗಿಟ್ಟಿತು. ಅಮೆರಿಕದ ನಿರಾಶ್ರಿತರ ಆಯೋಗ 1950ರ ಸೆಪ್ಟೆಂಬರಿನಲ್ಲಿ ಬಾಲ್ಟಿಕ್ ವಾಫೆನ್-ಎಸ್‌ಎಸ್ ಪಡೆಗಳು ಜರ್ಮನ್ ಎಸ್‌ಎಸ್‌ಗಿಂತ ಬೇರೆ ಎಂದಿತು. ಎರಡೂ ಗುಂಪಿನ ಬಗ್ಗೆ ಹೇಳಿದ ಮಾತುಗಳು. ನಿಮ್ಮ ಮನುಷ್ಯ 1941ರ ನವೆಂಬರ್ 30ರಂದು ಎಲ್ಲಿದ್ದ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಕೊನೆಗೆ ಬರ್ಲಿನ್ನಿಗೆ ಒಂದು ಪತ್ರ. ಎಸ್‌ಎಸ್ ಅಧಿಕಾರಿಗಳ ವೈಯಕ್ತಿಕ ಕಡತಗಳು ಈಗ ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಖಿವ್‌ನ ಬರ್ಲಿನ್-ಲಿಖ್ಟರ್‌ಫೆಲ್ಡೆ ಶಾಖೆಯಲ್ಲಿವೆ. ಅವುಗಳ ಮೈಕ್ರೋಫಿಲ್ಮ್ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲೂ ಇದೆ. ಹೆಸರಿನ ಎಲ್ಲ ಕಾಗುಣಿತ, ಜನ್ಮದಿನಾಂಕ, ಹುಟ್ಟೂರಿನ ಲಾಟ್ವಿಯನ್ ಮತ್ತು ಜರ್ಮನ್ ಹೆಸರು, ಗೊತ್ತಿರುವ ಕೊನೆಯ ದರ್ಜೆ, ಫೆಲ್ಡ್‌ಪೋಸ್ಟ್ ಸಂಖ್ಯೆ ತಾರೀಖಿನೊಡನೆ, ಇಷ್ಟನ್ನು ಒಂದೇ ಪುಟದಲ್ಲಿ ಕೊಡಿ. ಕಥೆ ಬರೆಯಬೇಡಿ, ಅಲ್ಲಿನ ಗುಮಾಸ್ತರಿಗೆ ಪುರುಸೊತ್ತಿಲ್ಲ. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ನಕಲಿಗೆ ಶುಲ್ಕ ಕಟ್ಟಬೇಕಾಗುತ್ತದೆ. ಕಡತ ಬಂದ ಮೇಲೆ ಮೊದಲು ತೆರೆಯಬೇಕಾದ್ದು ಪದಕದ ಶಿಫಾರಸನ್ನಲ್ಲ. ಅವನು ಸ್ವಂತ ಕೈಯಲ್ಲಿ ಬರೆದ ಜೀವನವಿವರದ ಹಾಳೆ ಇದ್ದರೆ ಅದನ್ನು. 1943ರಲ್ಲಿ ಜರ್ಮನರಿಗೆ ಬರೆದುಕೊಟ್ಟದ್ದಾದ್ದರಿಂದ, ಯುದ್ಧದ ನಂತರ ಮುಚ್ಚಿಟ್ಟ ಪೊಲೀಸ್ ಸೇವೆಯನ್ನು ಅದರಲ್ಲಿ ಹೆಮ್ಮೆಯಿಂದ ನಮೂದಿಸಿರುವ ಸಾಧ್ಯತೆಯೇ ಹೆಚ್ಚು.